ಕಿಲುಬು ಹಿಡಿದ ತೋಟಾ ಬಾಣಲೆಗೆ ಬಿದ್ದರೆ ಏನಾಗುತ್ತದೆ? ಕೊಚ್ಚಿಯ ಘಟನೆ ಮತ್ತು ಹೊಗೆರಹಿತ ಮದ್ದಿನ ಲೆಕ್ಕಾಚಾರ

ಕೊಚ್ಚಿ: ಅಡುಗೆಮನೆಯ ಬಾಣಲೆಯಲ್ಲಿ ಸಾಸಿವೆ ಸಿಡಿಯುವುದು ಎಲ್ಲರಿಗೂ ಗೊತ್ತು. 2025ರ ಮಾರ್ಚ್ 10ರಂದು ಕೊಚ್ಚಿಯ ಸಶಸ್ತ್ರ ಮೀಸಲು ಪೊಲೀಸ್ ಶಿಬಿರದ ಅಡುಗೆಮನೆಯಲ್ಲಿ ಸಿಡಿದದ್ದು ಬಂದೂಕಿನ ತೋಟಾ.

ಅಂದು ಅಂತ್ಯಸಂಸ್ಕಾರವೊಂದರಲ್ಲಿ ಪೊಲೀಸರು ಕುಶಾಲುತೋಪು ಹಾರಿಸಿ ಗೌರವ ಸಲ್ಲಿಸಬೇಕಿತ್ತು. ಅದಕ್ಕೆಂದು ಹೊರತೆಗೆದ ಬ್ಲ್ಯಾಂಕ್ ತೋಟಾಗಳಿಗೆ, ಅಂದರೆ ಮುಂದೆ ಗುಂಡಿಲ್ಲದೆ ಸದ್ದು ಮಾತ್ರ ಮಾಡುವ ತೋಟಾಗಳಿಗೆ, ಕಿಲುಬು ಹಿಡಿದಿತ್ತು. ಇಂಥವನ್ನು ಬಿಸಿಲಲ್ಲಿ ಹರಡಿ ಒಣಗಿಸುವುದು ರೂಢಿ, ಅಂದು ಅದಕ್ಕೆ ಸಮಯವಿರಲಿಲ್ಲ, ಹಾಗಾಗಿ ಬಾಣಲೆಗೆ ಹಾಕಿ ಬಿಸಿ ಮಾಡಲಾಯಿತು ಎಂದು ವರದಿಯಾಯಿತು. ತೋಟಾಗಳು ಸಿಡಿದು ಬೆಂಕಿ ಹೊತ್ತಿಕೊಂಡಿತು. ಅಡುಗೆಮನೆ ಎಂದ ಮೇಲೆ ಅಲ್ಲಿ ಗ್ಯಾಸ್ ಸಿಲಿಂಡರ್ ಕೂಡ ಇತ್ತು. ಯಾರಿಗೂ ಗಾಯವಾಗಲಿಲ್ಲ. ಕೊಚ್ಚಿ ನಗರ ಪೊಲೀಸ್ ಆಯುಕ್ತ ಪುಟ್ಟ ವಿಮಲಾದಿತ್ಯ ತನಿಖೆಗೆ ಆದೇಶಿಸಿದರು.

ಸುದ್ದಿ ಹೊರಬಿದ್ದಾಗ ಸಾಮಾಜಿಕ ಜಾಲತಾಣಗಳಲ್ಲಿ ನಗೆಚಟಾಕಿಗಳು ಹರಿದಾಡಿದವು. ಆದರೆ ಆ ಬಾಣಲೆಯ ಹಿಂದಿದ್ದ ಆಲೋಚನೆ ವಿಚಿತ್ರವೇನೂ ಅಲ್ಲ. 'ಮದ್ದಿಗೆ ತೇವ ತಗುಲಿದೆ, ಬಿಸಿ ಮಾಡಿದರೆ ಸರಿಹೋಗುತ್ತದೆ' ಎಂಬ ನಂಬಿಕೆ ಕೊಡಗು, ಮಲೆನಾಡು, ಕರಾವಳಿಯಿಂದ ಕಾಸರಗೋಡಿನವರೆಗೆ ಕೋವಿ ಇರುವ ಹಲವು ಮನೆಗಳಲ್ಲಿ ಇಂದಿಗೂ ಇದೆ. ಪಟಾಕಿಯನ್ನು ಬಿಸಿಲಿಗೆ ಇಟ್ಟು ಅಭ್ಯಾಸವಾದ ಕೈ ತೋಟಾವನ್ನೂ ಹಾಗೆಯೇ ನೋಡುತ್ತದೆ. ತೋಟಾದೊಳಗಿನ ಮದ್ದಿನ ಸ್ವಭಾವ ಗೊತ್ತಾದರೆ ಈ ನಂಬಿಕೆ ಏಕೆ ತಪ್ಪು ಎಂಬುದು ತಿಳಿಯುತ್ತದೆ.

ತೋಟಾದೊಳಗೆ ಏನಿರುತ್ತದೆ?

ಒಂದು ತೋಟಾದಲ್ಲಿ ನಾಲ್ಕು ಭಾಗ. ಹಿತ್ತಾಳೆಯ ಅಥವಾ ಪ್ಲಾಸ್ಟಿಕ್‌ನ ಹೊರಕವಚ, ಬುಡದಲ್ಲಿ ಪೆಟ್ಟು ಬಿದ್ದೊಡನೆ ಕಿಡಿ ಕೊಡುವ ಕೇಪು, ನಡುವೆ ಮದ್ದು, ತುದಿಯಲ್ಲಿ ಗುಂಡು ಅಥವಾ ಚರೆ. ಬ್ಲ್ಯಾಂಕ್ ತೋಟಾದಲ್ಲಿ ಕೊನೆಯದು ಇರುವುದಿಲ್ಲ, ಕವಚದ ಬಾಯನ್ನೇ ಮಡಚಿ ಮುಚ್ಚಿರುತ್ತಾರೆ.

ಇಂದಿನ ಬಹುತೇಕ ಎಲ್ಲ ತೋಟಾಗಳಲ್ಲೂ ಇರುವುದು ಹೊಗೆರಹಿತ ಮದ್ದು. ಹತ್ತಿ ಅಥವಾ ಮರದ ನಾರನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳಲ್ಲಿ ಸಂಸ್ಕರಿಸಿದರೆ ಸಿಗುವ ನೈಟ್ರೋಸೆಲ್ಯುಲೋಸ್ ಇದರ ಮೂಲವಸ್ತು. 1846ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ರಸಾಯನಶಾಸ್ತ್ರಜ್ಞ ಶಾನ್‌ಬೈನ್ ಇದನ್ನು ಕಂಡುಕೊಂಡ. ಅಡುಗೆಮನೆಯಲ್ಲಿ ಚೆಲ್ಲಿದ ಆಮ್ಲವನ್ನು ಹೆಂಡತಿಯ ಹತ್ತಿಯ ಏಪ್ರನ್‌ನಿಂದ ಒರೆಸಿ, ಅದನ್ನು ಒಲೆಯ ಬಳಿ ಒಣಗಲು ಹಾಕಿದಾಗ ಭಗ್ಗನೆ ಉರಿದು ಮಾಯವಾಯಿತು ಎಂಬ ಕಥೆಯಿದೆ. ಕಥೆ ಎಷ್ಟು ನಿಜವೋ, ಅಲ್ಲಿಯೂ ಅಡುಗೆಮನೆ ಮತ್ತು ಒಲೆ ಬಂದಿರುವುದಂತೂ ಹೌದು.

ಆ ಹತ್ತಿಯನ್ನು ಹಾಗೆಯೇ ಬಂದೂಕಿಗೆ ತುಂಬಲು ಹೋದವರು ಕೈಸುಟ್ಟುಕೊಂಡರು. ಅದು ಅಷ್ಟು ವೇಗವಾಗಿ ಉರಿಯುತ್ತಿತ್ತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇ ಅದನ್ನು ಕರಗಿಸಿ, ಹಾಳೆಯಾಗಿಸಿ, ಸಣ್ಣ ಚೂರುಗಳಾಗಿ ಕತ್ತರಿಸಿ ಉರಿಯುವ ವೇಗಕ್ಕೆ ಕಡಿವಾಣ ಹಾಕಿದ. ಹಿಂದೆಯೇ ನೊಬೆಲ್‌ನ ಬ್ಯಾಲಿಸ್ಟೈಟ್, 1889ರಲ್ಲಿ ಬ್ರಿಟನ್ನಿನ ಕಾರ್ಡೈಟ್ ಬಂದವು. ಕಾರ್ಡೈಟ್ ಎಂಬ ಹೆಸರು ನಮಗೆ ದೂರದ್ದಲ್ಲ. ಊಟಿಗೆ ಹೋಗುವ ಪುಟಾಣಿ ರೈಲಿನಲ್ಲಿ ಕೂನೂರು ದಾಟಿದ ಮೇಲೆ ಸಿಗುವ ಅರವಂಕಾಡು ನಿಲ್ದಾಣದ ಬಳಿ ಇರುವ ಕಾರ್ಖಾನೆ ಇದೇ ಮದ್ದಿಗಾಗಿ 20ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಕಟ್ಟಿದ್ದು.

ಮದ್ದಿನ ಒಂದೊಂದು ಕಾಳಿನ ಆಕಾರವೂ ಲೆಕ್ಕ ಹಾಕಿಯೇ ಮಾಡಿದ್ದು. ತೆಳ್ಳನೆಯ ಬಿಲ್ಲೆ ಬೇಗ ಉರಿಯುತ್ತದೆ, ದಪ್ಪ ಕಡ್ಡಿ ನಿಧಾನ. ಪಿಸ್ತೂಲಿನ ಗಿಡ್ಡ ನಳಿಗೆಗೆ ಒಂದು ಬಗೆ, ರೈಫಲ್‌ನ ಉದ್ದ ನಳಿಗೆಗೆ ಇನ್ನೊಂದು. ಬ್ಲ್ಯಾಂಕ್‌ನಲ್ಲಿ ಮುಂದೆ ತಳ್ಳಲು ಗುಂಡಿಲ್ಲದ ಕಾರಣ ತೀರಾ ಬೇಗ ಉರಿಯುವ ಮದ್ದೇ ಬೇಕು. ಕೊಚ್ಚಿಯ ಬಾಣಲೆಯಲ್ಲಿದ್ದುದು ಇಂಥದ್ದು.

ಬಾಣಲೆಯಲ್ಲಿ ನಡೆದದ್ದೇನು?

ನೈಟ್ರೋಸೆಲ್ಯುಲೋಸ್‌ಗೆ ಕಿಡಿಯೇ ಬೇಕೆಂದಿಲ್ಲ. ಸುಮಾರು 170 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖ ತಗುಲಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಗ್ಯಾಸ್ ಒಲೆಯ ಮೇಲಿನ ಬರಿ ಬಾಣಲೆ ಕೆಲವೇ ನಿಮಿಷಗಳಲ್ಲಿ 200 ಡಿಗ್ರಿ ದಾಟುತ್ತದೆ. ಹಿತ್ತಾಳೆ ಶಾಖವನ್ನು ಚೆನ್ನಾಗಿ ಸಾಗಿಸುವ ಲೋಹ. ಹೊರಗೆ ಕಿಲುಬು ಬಿಡುತ್ತಿದೆಯೇ ಎಂದು ನೋಡುತ್ತಾ ನಿಂತವರಿಗೆ ಒಳಗಿನ ಮದ್ದು ಯಾವ ಹಂತದಲ್ಲಿದೆ ಎಂಬುದು ಕಾಣುವುದೇ ಇಲ್ಲ.

ಹಾಗಾದರೆ ಯಾರಿಗೂ ಏಕೆ ಗಾಯವಾಗಲಿಲ್ಲ? ಅದೃಷ್ಟದ ಪಾಲು ದೊಡ್ಡದು, ಜೊತೆಗೆ ಒಂದಿಷ್ಟು ಭೌತಶಾಸ್ತ್ರವೂ ಇದೆ. ಬಂದೂಕಿನೊಳಗೆ ತೋಟಾ ಉಕ್ಕಿನ ಗೂಡಿನಲ್ಲಿ ಬಿಗಿಯಾಗಿ ಕೂತಿರುತ್ತದೆ. ಹುಟ್ಟಿದ ಅನಿಲಕ್ಕೆ ನಳಿಗೆಯೊಂದೇ ದಾರಿ. ಬಯಲಲ್ಲಿ ಬಿದ್ದ ತೋಟಾಕ್ಕೆ ಆ ಬಿಗಿತವಿಲ್ಲ, ಒತ್ತಡ ಏರುವ ಮೊದಲೇ ಕವಚ ಸೀಳಿಹೋಗುತ್ತದೆ. ಗುಂಡಿದ್ದರೂ ಅದು ನಳಿಗೆಯಿಂದ ಹಾರುವ ವೇಗದಲ್ಲಿ ಹಾರುವುದಿಲ್ಲ. ಆದರೆ ಸೀಳಿದ ಹಿತ್ತಾಳೆಯ ಚೂರು ಮತ್ತು ಬುಡದಿಂದ ಚಿಮ್ಮುವ ಕೇಪು ಕಣ್ಣು ಕಳೆಯಲು ಸಾಕು. ಪಕ್ಕದಲ್ಲಿ ಸಿಲಿಂಡರ್ ಇದ್ದರೆ ಮುಂದಿನದನ್ನು ಹೇಳಬೇಕಿಲ್ಲ.

ಅಸಲಿಗೆ ಕಿಲುಬು ಎನ್ನುವುದು ಮದ್ದಿನ ತೇವಕ್ಕಿಂತ ಹಿತ್ತಾಳೆಯ ಕಾಯಿಲೆ. ತಾಮ್ರದ ಅಂಶ ಗಾಳಿಯ ತೇವ, ಬೆವರಿನ ಉಪ್ಪು, ಹದ ಮಾಡಿದ ಚರ್ಮದ ಆಮ್ಲದೊಂದಿಗೆ ಸೇರಿದಾಗ ಮೂಡುವ ಹಸಿರು ಪೊರೆ ಅದು. ಕಡಲ ಪಕ್ಕದ ಕೊಚ್ಚಿಯ ಹವೆಯಲ್ಲಿ ಹಿತ್ತಾಳೆ ದೀಪಕ್ಕೂ ಹಿಡಿಯುತ್ತದೆ. ತೋಟಾಗಳನ್ನು ವರ್ಷಗಟ್ಟಲೆ ಚರ್ಮದ ಬೆಲ್ಟಿನಲ್ಲೇ ಬಿಟ್ಟರಂತೂ ಖಚಿತ. ಬಿಸಿ ಮಾಡಿದರೆ ಕಿಲುಬು ಹೋಗುವುದಿಲ್ಲ. ಹೊಸದಾಗಿ ಮೂಡಿದ ತೆಳು ಪೊರೆಯನ್ನು ಒಣಬಟ್ಟೆಯಿಂದ ಒರೆಸಬಹುದು. ಹಿತ್ತಾಳೆಯಲ್ಲಿ ಗುಳಿ ಬಿದ್ದಿದ್ದರೆ, ಬಿರುಕು ಕಂಡರೆ, ಅಂಥ ತೋಟಾವನ್ನು ಬಂದೂಕಿಗೆ ಹಾಕದೆ ಬೇರೆ ತೆಗೆದಿಡಬೇಕು. ಎಣ್ಣೆ ಹಚ್ಚುವುದೂ ಸಲ್ಲದು, ಅದು ಸಂದಿನಿಂದ ಇಳಿದು ಕೇಪನ್ನೇ ಕೆಡಿಸುತ್ತದೆ.

ಬಿಸಿಲಿನ ಮಾತೇನು? ಬಾಣಲೆಯಷ್ಟು ಅಪಾಯವಲ್ಲ, ಆದರೆ ಒಳ್ಳೆಯದೂ ಅಲ್ಲ. ಹೊಗೆರಹಿತ ಮದ್ದು ಅಗತ್ಯಕ್ಕಿಂತ ಹೆಚ್ಚು ಒಣಗಿದರೆ ಇನ್ನಷ್ಟು ವೇಗವಾಗಿ ಉರಿಯುತ್ತದೆ, ನಳಿಗೆಯಲ್ಲಿ ಒತ್ತಡ ಏರುತ್ತದೆ. ಕಾರ್ಖಾನೆಯಲ್ಲಿ ನಿಗದಿ ಮಾಡಿದ ತೇವಾಂಶವನ್ನು ಅಂಗಳದ ಬಿಸಿಲಿನಲ್ಲಿ ಸರಿಪಡಿಸಲು ಆಗದು.

ಕರಿಮದ್ದು ಬೇರೆ, ಇದು ಬೇರೆ

ನಮ್ಮಲ್ಲಿ ಎರಡಕ್ಕೂ 'ಮದ್ದು' ಎಂಬ ಒಂದೇ ಪದ ಬಳಕೆಯಲ್ಲಿದೆ. ಗೊಂದಲದ ಮೂಲ ಇದೇ. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಕರಿಮದ್ದು ಕದಿನ, ಪಟಾಕಿ, ಕೇಪಿನ ಕೋವಿಯದ್ದು. ಅದಕ್ಕೆ ಸಣ್ಣ ಕಿಡಿ ಸಾಕು, ಬಯಲಲ್ಲಿ ರಾಶಿ ಹಾಕಿದ್ದರೂ ಸ್ಫೋಟಿಸಬಲ್ಲದು. ಅಯ್ಯಪ್ಪ ಭಕ್ತರಿಗೆ ಗೊತ್ತಿರುವ ಉದಾಹರಣೆ: 2023ರ ಜನವರಿ 2ರಂದು ಶಬರಿಮಲೆಯ ಮಾಳಿಗಪ್ಪುರದ ಬಳಿ ಹರಕೆಯ ಕದಿನಕ್ಕೆ ಮದ್ದು ತುಂಬುವಾಗ ಸ್ಫೋಟವಾಗಿ ಕೆಲಸಗಾರರು ಸುಟ್ಟಗಾಯಗೊಂಡರು. 2024ರ ಅಕ್ಟೋಬರ್ 28ರ ರಾತ್ರಿ ಕಾಸರಗೋಡು ಜಿಲ್ಲೆಯ ನೀಲೇಶ್ವರದ ದೇವಸ್ಥಾನದಲ್ಲಿ ತೆಯ್ಯಂ ನಡೆಯುತ್ತಿದ್ದಾಗ, ಪಟಾಕಿ ಹೊಡೆಯುತ್ತಿದ್ದ ಜಾಗದ ಪಕ್ಕದ ಕೊಠಡಿಯಲ್ಲೇ ಇಟ್ಟಿದ್ದ ಸಂಗ್ರಹಕ್ಕೆ ಕಿಡಿ ತಗುಲಿ ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು.

ಹೊಗೆರಹಿತ ಮದ್ದು ಹೀಗಲ್ಲ. ಒಂದು ಚಿಟಿಕೆಯನ್ನು ಬಯಲಲ್ಲಿ ಹೊತ್ತಿಸಿದರೆ ಹಳದಿ ಜ್ವಾಲೆಯಾಗಿ ಭರ್ರನೆ ಉರಿದುಹೋಗುತ್ತದೆ, ಸದ್ದೇ ಇರುವುದಿಲ್ಲ. ಇದನ್ನು ನೋಡಿದವರು 'ಇದೇನೂ ಅಪಾಯವಲ್ಲ' ಎಂದುಕೊಳ್ಳುವುದು ಸಹಜ. ಅದೇ ಮದ್ದನ್ನು ಮುಚ್ಚಿದ ಜಾಗದಲ್ಲಿ ಹೊತ್ತಿಸಿದರೆ ಅನಿಲಕ್ಕೆ ದಾರಿಯಿಲ್ಲದೆ ಒತ್ತಡ ಏರುತ್ತದೆ, ಒತ್ತಡ ಏರಿದಷ್ಟೂ ಉರಿ ವೇಗವಾಗುತ್ತದೆ, ಉರಿ ವೇಗವಾದಷ್ಟೂ ಒತ್ತಡ ಮತ್ತೆ ಏರುತ್ತದೆ. ಪಟಾಕಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದು.

ಪೆಟ್ಟಿಗೆ ಗಟ್ಟಿಯಿದ್ದಷ್ಟೂ ಅಪಾಯ

ಇದರಿಂದ ಬರುವ ನಿಯಮ ಮೊದಲ ಬಾರಿಗೆ ಕೇಳಿದವರಿಗೆ ತಲೆಕೆಳಗಾಗಿ ಕಾಣುತ್ತದೆ. ಬೆಲೆಬಾಳುವ, ಅಪಾಯಕಾರಿ ವಸ್ತುವನ್ನು ಉಕ್ಕಿನ ತಿಜೋರಿಯಲ್ಲಿ ಇಡಬೇಕು ಎಂದು ನಮ್ಮ ಬುದ್ಧಿ ಹೇಳುತ್ತದೆ. ಬಿಡಿ ಮದ್ದಿನ ವಿಷಯದಲ್ಲಿ ಅದೇ ದೊಡ್ಡ ತಪ್ಪು. ಬೆಂಕಿ ಬಿದ್ದಾಗ ಬಿಗಿಯಾದ ಉಕ್ಕಿನ ಪೆಟ್ಟಿಗೆ ಬಾಂಬ್ ಆಗಿಬಿಡುತ್ತದೆ.

ತೋಟಾ ಮರುತುಂಬುವುದು, ಅಂದರೆ ರೀಲೋಡಿಂಗ್, ಕಾನೂನುಬದ್ಧ ಹವ್ಯಾಸವಾಗಿರುವ ಅಮೆರಿಕದಲ್ಲಿ ಬಂದೂಕು ಮತ್ತು ಮದ್ದುಗುಂಡು ತಯಾರಕರ ಸಂಸ್ಥೆ 'ಸಾಮಿ' ಈ ಬಗ್ಗೆ ಸ್ಪಷ್ಟ ಸೂಚನೆ ಕೊಡುತ್ತದೆ. ಮದ್ದು ತಾನು ಬಂದ ಡಬ್ಬಿಯಲ್ಲೇ ಇರಬೇಕು. ಆ ಡಬ್ಬಿಯನ್ನು ಒತ್ತಡ ಬಂದರೆ ಬಾಯಿ ಬಿಡುವಂತೆಯೇ ಮಾಡಿರುತ್ತಾರೆ. ಡಬ್ಬಿಗಳನ್ನು ಇಡುವ ಕಪಾಟು ಶಾಖ ತಡೆಯುವ ದಪ್ಪ ಮರದ್ದಾಗಿರಬೇಕು, ಅದರ ಒಂದು ಬದಿ ಅಥವಾ ಜೋಡಣೆ ಬೇಕೆಂದೇ ದುರ್ಬಲವಾಗಿರಬೇಕು. ಅಲ್ಲಿನ ಅಗ್ನಿಸುರಕ್ಷತಾ ಸಂಹಿತೆ ಮನೆಯಲ್ಲಿ ಮೂಲ ಡಬ್ಬಿಗಳಲ್ಲಿ 20 ಪೌಂಡ್, ಅಂದರೆ ಸುಮಾರು 9 ಕಿಲೋವರೆಗೆ ಮಾತ್ರ ಇಡಲು ಬಿಡುತ್ತದೆ. ಅದಕ್ಕಿಂತ ಹೆಚ್ಚಾದರೆ ಕನಿಷ್ಠ 1 ಇಂಚು ದಪ್ಪದ ಮರದ ಪೆಟ್ಟಿಗೆ ಬೇಕು. ಅಲ್ಲಿ ನೆಲೆಸಿ ಈ ಹವ್ಯಾಸಕ್ಕೆ ಕೈಹಾಕಿರುವ ಕನ್ನಡಿಗರಿಗೂ ಇದೇ ನಿಯಮ, ಜೊತೆಗೆ ಆಯಾ ರಾಜ್ಯ ಮತ್ತು ಊರಿನ ನಿಯಮ.

ತುಂಬಿದ ತೋಟಾದ ಲೆಕ್ಕ ಬೇರೆ. ಅದರಲ್ಲಿ ಮದ್ದು ಚೂರುಚೂರಾಗಿ ಹಂಚಿಹೋಗಿರುತ್ತದೆ, ಒಂದು ಸಿಡಿದರೆ ರಾಶಿಯೆಲ್ಲ ಒಟ್ಟಿಗೆ ಸಿಡಿಯುವುದಿಲ್ಲ. ಹಾಗಾಗಿ ಸೇನೆಯಲ್ಲಿ ಅದನ್ನು ರಬ್ಬರ್ ಅಂಚಿನ ಲೋಹದ ಡಬ್ಬಿಗಳಲ್ಲಿ ಗಾಳಿಯಾಡದಂತೆ ಮುಚ್ಚಿಡುತ್ತಾರೆ. ಕೊಚ್ಚಿಯಂಥ ಊರಿನಲ್ಲಿ ಕಿಲುಬಿಗೆ ಇದೇ ಮದ್ದು. ಬಳಸುವ ದಿನ ಒಣಗಿಸುವ ಪ್ರಶ್ನೆಯೇ ಬರದಂತೆ ಇಡುವುದು.

ಬೀಗ ಬೇಕು, ಮಕ್ಕಳ ಕೈಗೆ ಸಿಗಬಾರದು, ಕೇಪು ಮತ್ತು ಮದ್ದನ್ನು ಬೇರೆ ಬೇರೆ ಇಡಬೇಕು, ಹತ್ತಿರ ಬೀಡಿ ಸಿಗರೇಟು ಕೂಡದು. ಇವೆಲ್ಲ ಹೇಳದೆಯೂ ಗೊತ್ತಿರುವುದು. ಹೇಳಲೇಬೇಕಾದ ಒಂದು ಜಾಗವೆಂದರೆ ಅಟ್ಟ. ಮಳೆಗಾಲದಲ್ಲಿ ಇಡೀ ಮನೆ ಜವುಗು ಹಿಡಿದಾಗ ಒಲೆಯ ಮೇಲಿನ ಅಟ್ಟ ಮಾತ್ರ ಒಣಗಿರುತ್ತದೆ ಎಂದು ಮದ್ದು, ತೋಟಾಗಳನ್ನು ಅಲ್ಲಿಡುವುದುಂಟು. ಅಲ್ಲಿ ವರ್ಷವಿಡೀ ಕೆಳಗಿನಿಂದ ಶಾಖ, ಮೇಲಿನಿಂದ ಹೆಂಚಿನ ಬಿಸಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯ ಕಥೆಯೂ ಇದೇ.

ಮದ್ದಿಗೂ ವಯಸ್ಸಾಗುತ್ತದೆ

ಒಣಗಿಸಿ ಇಟ್ಟ ಕರಿಮದ್ದು ಶತಮಾನ ಕಳೆದರೂ ಕೆಡುವುದಿಲ್ಲ. ಹೊಗೆರಹಿತ ಮದ್ದು ಡಬ್ಬಿಯಲ್ಲಿ ಕೂತಲ್ಲೇ ನಿಧಾನವಾಗಿ ಕೊಳೆಯುತ್ತದೆ. ಕೊಳೆಯುವಾಗ ನೈಟ್ರೋಜನ್ ಆಕ್ಸೈಡ್ ಅನಿಲಗಳು ಹೊರಬರುತ್ತವೆ, ಆ ಅನಿಲಗಳೇ ಉಳಿದ ಮದ್ದು ಇನ್ನೂ ಬೇಗ ಕೊಳೆಯುವಂತೆ ಮಾಡುತ್ತವೆ. ಇದನ್ನು ತಡೆಯಲು ಕಾರ್ಖಾನೆಯಲ್ಲೇ ಡೈಫಿನೈಲಮೀನ್‌ನಂಥ ವಸ್ತು ಸೇರಿಸುತ್ತಾರೆ. ಅದು ಅನಿಲವನ್ನು ಹೀರಿಕೊಳ್ಳುತ್ತಾ ತಾನೇ ಖರ್ಚಾಗುತ್ತದೆ. ತಂಪಾದ ಜಾಗದಲ್ಲಿ ದಶಕಗಳೇ ಬಾಳಬಹುದು. ಶಾಖ 10 ಡಿಗ್ರಿ ಏರಿದರೆ ಕೊಳೆಯುವ ವೇಗ ಎರಡರಷ್ಟು ಅಥವಾ ಅದಕ್ಕೂ ಹೆಚ್ಚಾಗುತ್ತದೆ ಎಂಬುದು ಸಾಮಾನ್ಯ ಲೆಕ್ಕ.

ಈ ಪಾಠಕ್ಕೆ ಫ್ರಾನ್ಸ್ ನೌಕಾಪಡೆ ದುಬಾರಿ ಬೆಲೆ ತೆತ್ತಿತು. 1907ರ ಮಾರ್ಚ್‌ನಲ್ಲಿ ಟೂಲಾನ್ ಬಂದರಿನಲ್ಲಿ 'ಯೇನಾ' ಎಂಬ ಯುದ್ಧನೌಕೆ, 1911ರ ಸೆಪ್ಟೆಂಬರ್‌ನಲ್ಲಿ ಅದೇ ಬಂದರಿನಲ್ಲಿ 'ಲಿಬರ್ತೆ' ಎಂಬ ಇನ್ನೊಂದು ಸ್ಫೋಟಗೊಂಡವು. ಮೊದಲನೆಯದರಲ್ಲಿ ನೂರಕ್ಕೂ ಹೆಚ್ಚು, ಎರಡನೆಯದರಲ್ಲಿ ಸುಮಾರು 300 ಮಂದಿ ಸತ್ತರು. ಶತ್ರುಗಳ ದಾಳಿಯಿರಲಿಲ್ಲ. ಹಳಸಿದ ಮದ್ದು ಮದ್ದಿನ ಕೋಣೆಯಲ್ಲೇ ತಾನಾಗಿ ಹೊತ್ತಿಕೊಂಡದ್ದು ಎರಡಕ್ಕೂ ಕಾರಣ ಎನ್ನಲಾಯಿತು. ವಿಯೇ ಕಂಡುಹಿಡಿದ ಅದೇ ಬಗೆಯ ಮದ್ದು.

ಕೆಟ್ಟ ಮದ್ದನ್ನು ಗುರುತಿಸಲು ಮೂಗು ಸಾಕು. ಒಳ್ಳೆಯ ಮದ್ದಿನಿಂದ ಈಥರ್ ಅಥವಾ ಆಲ್ಕೋಹಾಲ್‌ನಂಥ ತಿಳಿವಾಸನೆ ಬರುತ್ತದೆ. ಕೆಟ್ಟಿದ್ದರೆ ಮೂಗಿಗೆ ಚುಚ್ಚುವ ಆಮ್ಲದ ಘಾಟು, ಡಬ್ಬಿಯ ಒಳಮೈಯಲ್ಲಿ ತುಕ್ಕು, ಇಟ್ಟಿಗೆ ಪುಡಿಯಂಥ ಕೆಂಪು ಧೂಳು, ಕೆಲವೊಮ್ಮೆ ಕೆಂಗಂದು ಹೊಗೆ. ಇವುಗಳಲ್ಲಿ ಒಂದು ಕಂಡರೂ ಆ ಡಬ್ಬಿ ಮನೆಯೊಳಗೆ ಇರಬಾರದು. ಹಾಗೆಂದು ಡಬ್ಬಿಗೆ ಮೂಗು ತೂರಿಸಿ ಎಳೆದುಕೊಳ್ಳುವುದೂ ಬೇಡ, ಆ ಅನಿಲ ಶ್ವಾಸಕೋಶಕ್ಕೆ ವಿಷ.

ಅಳತೆ ತಪ್ಪಿದರೆ ಒಡೆಯುವುದು ನಳಿಗೆ

ಮದ್ದನ್ನು ಅಳೆಯುವ ಮಾನ ಗ್ರೇನ್. 1 ಗ್ರಾಂಗೆ ಸುಮಾರು 15.4 ಗ್ರೇನ್, 1 ಪೌಂಡಿಗೆ 7,000 ಗ್ರೇನ್. ಪಿಸ್ತೂಲಿನ ತೋಟಾದಲ್ಲಿ ಒಂದು ಗ್ರೇನ್‌ನ ಹತ್ತನೇ ಭಾಗಕ್ಕೂ ಬೆಲೆಯಿದೆ, ಅಂದರೆ ಕೆಲವೇ ಮಿಲಿಗ್ರಾಂ. ಚಿನ್ನದಂಗಡಿಯಲ್ಲಿ ಗಾಳಿಗೆ ತಕ್ಕಡಿ ಅಲುಗದಂತೆ ಗಾಜಿನ ಗೂಡು ಕಟ್ಟುವುದು ಇಲ್ಲಿಯೂ ಬೇಕು. ಫ್ಯಾನ್ ಆರಿಸಬೇಕು. ಗೊತ್ತಿರುವ ತೂಕದ ಕಲ್ಲಿಟ್ಟು ತಕ್ಕಡಿಯನ್ನು ಪ್ರತಿ ಬಾರಿಯೂ ಪರೀಕ್ಷಿಸಬೇಕು.

ಚಮಚದಲ್ಲಿ ಅಳೆದರೆ ಆಗದೇ? ಕೇಪಿನ ಕೋವಿಗೆ ಕರಿಮದ್ದನ್ನು ಹಾಗೆಯೇ ಅಳೆಯುತ್ತಾರೆ, ತುಸು ಹೆಚ್ಚುಕಡಿಮೆಯಾದರೂ ಅದು ಸಹಿಸುತ್ತದೆ. ಹೊಗೆರಹಿತ ಮದ್ದಿನಲ್ಲಿ ಒಂದು ಬಗೆಯದು ಅವಲಕ್ಕಿಯಂತೆ ಹಗುರ, ಇನ್ನೊಂದು ಸಾಸಿವೆಯಂತೆ ಒತ್ತು. ಒಂದಕ್ಕೆ ಸರಿಯಾದ ಚಮಚ ಇನ್ನೊಂದಕ್ಕೆ ಒಂದೂವರೆ ಪಟ್ಟು ಸುರಿಯಬಹುದು. ಹೀಗಾಗಿ ತಯಾರಕರು ಪ್ರಕಟಿಸುವ ಕೋಷ್ಟಕದಲ್ಲಿ ಯಾವ ಮದ್ದು, ಯಾವ ಕವಚ, ಯಾವ ಕೇಪು, ಎಷ್ಟು ತೂಕದ ಗುಂಡು ಎಂದು ಎಲ್ಲವೂ ನಮೂದಾಗಿರುತ್ತವೆ, ಒಂದು ಬದಲಾದರೂ ಲೆಕ್ಕ ಬದಲಾಗುತ್ತದೆ. ಮೇಜಿನ ಮೇಲೆ ಒಂದೇ ಡಬ್ಬಿ ಮದ್ದು ಇರಬೇಕು, ಉಳಿದದ್ದು ಅದೇ ಡಬ್ಬಿಗೆ ಹಿಂತಿರುಗಬೇಕು ಎಂಬ ನಿಯಮ ಹುಟ್ಟಿದ್ದು ಈ ಕಾರಣಕ್ಕೆ. ಕಣ್ಣಿಗೆ ಎರಡು ಮದ್ದುಗಳು ಒಂದೇ ಥರ ಕಪ್ಪಗೆ ಕಾಣುತ್ತವೆ. ಸ್ಥಿರವಿದ್ಯುತ್ತಿನ ಕಿಡಿ ತಡೆಯಲು ಬಹಳಷ್ಟು ಮದ್ದಿಗೆ ಗ್ರಾಫೈಟ್ ಬಳಿಯುವುದರಿಂದ ಬಣ್ಣದಲ್ಲಿ ಗುರುತು ಹಿಡಿಯುವ ಮಾತೇ ಇಲ್ಲ.

ಇನ್ನೊಂದು ಹಳೆಯ ಬಲೆ 12 ಬೋರ್ ತೋಟಾದ ಪೆಟ್ಟಿಗೆಯ ಮೇಲೆಯೇ ಇರುತ್ತದೆ. ಕೆಲವು ಪೆಟ್ಟಿಗೆಗಳಲ್ಲಿ '3 ಡ್ರಾಂ ಸಮಾನ' ಎಂಬ ಬಗೆಯ ಬರಹವಿರುತ್ತದೆ. 3 ಡ್ರಾಂ ಎಂದರೆ ಸುಮಾರು 82 ಗ್ರೇನ್. ಒಳಗೆ ಅಷ್ಟು ಮದ್ದಿದೆ ಎಂದು ಇದರ ಅರ್ಥವಲ್ಲ. 3 ಡ್ರಾಂ ಕರಿಮದ್ದು ಕೊಡುವಷ್ಟೇ ವೇಗವನ್ನು ಈ ತೋಟಾ ಕೊಡುತ್ತದೆ ಎಂದಷ್ಟೇ. ಒಳಗಿರುವ ಹೊಗೆರಹಿತ ಮದ್ದು ಅದರ ಕಾಲುಭಾಗದ ಆಸುಪಾಸು. ಬರಹ ನಂಬಿ 82 ಗ್ರೇನ್ ತುಂಬಿದವನ ಕೋವಿ ಹೋಳಾಗುತ್ತದೆ.

ನಮ್ಮ ಊರುಗಳಲ್ಲಿ ನಿಜವಾಗಿ ನಡೆಯಬಹುದಾದ ಅನಾಹುತವೂ ಇದೇ. ತೋಟಾವನ್ನು ಕೊಯ್ದು, ಒಳಗಿನ ಮದ್ದು ತೆಗೆದು, ಕೇಪಿನ ಕೋವಿಗೋ ಕಳ್ಳಬಟ್ಟಿಯಂತೆ ಗುಟ್ಟಾಗಿ ತಯಾರಾದ ನಾಡಕೋವಿಗೋ ಹಾಕುವುದು. ಕೇಪಿನ ಕೋವಿಯ ನಳಿಗೆ ಕರಿಮದ್ದಿನ ಒತ್ತಡಕ್ಕೆ ಮಾಡಿದ್ದು, ಹೊಗೆರಹಿತ ಮದ್ದಿನ ಒತ್ತಡ ಅದರ ಹಲವು ಪಟ್ಟು. ಅಳತೆ ಎಷ್ಟೇ ಕಡಿಮೆ ಮಾಡಿದರೂ ಇಲ್ಲಿ 'ಸುರಕ್ಷಿತ' ಎಂಬ ಪ್ರಮಾಣವಿಲ್ಲ. ಒಡೆಯುವ ನಳಿಗೆ ಹಂದಿಯ ಕಡೆಗಲ್ಲ, ಹಿಡಿದವನ ಮುಖ ಮತ್ತು ಎಡಗೈಗೆ ಹತ್ತಿರದಲ್ಲಿರುತ್ತದೆ.

ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಕೋವಿಯ ಪರವಾನಗಿ ಇದ್ದ ಮಾತ್ರಕ್ಕೆ ತೋಟಾ ತಯಾರಿಸುವ ಪರವಾನಗಿ ಸಿಕ್ಕಂತಲ್ಲ. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಪರವಾನಗಿ ಪುಸ್ತಕದಲ್ಲಿ ಒಮ್ಮೆಗೆ ಎಷ್ಟು ತೋಟಾ ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂಬ ಮಿತಿಯೂ ಬರೆದಿರುತ್ತದೆ. ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿದೆ. ಅದು ಕೋವಿ ಹೊಂದುವುದಕ್ಕೆ ಸಿಕ್ಕ ವಿನಾಯಿತಿ, ಮನೆಯಲ್ಲಿ ತೋಟಾ ಕಾರ್ಖಾನೆ ತೆರೆಯುವುದಕ್ಕಲ್ಲ.

ಶೂಟಿಂಗ್ ಕ್ರೀಡೆಯವರ ಪ್ರಶ್ನೆ ಆಗಾಗ ಬರುತ್ತದೆ. ತಿರುವನಂತಪುರದ ವಟ್ಟಿಯೂರ್ಕಾವಿನಲ್ಲಿ 2015ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕಟ್ಟಿದ ಶೂಟಿಂಗ್ ರೇಂಜ್ ದಕ್ಷಿಣ ಭಾರತದ ಶೂಟರ್‌ಗಳಿಗೆ ಪರಿಚಿತ. ಅಲ್ಲಿ ಹೆಚ್ಚು ಬಳಕೆಯಾಗುವ ಏರ್ ರೈಫಲ್‌ಗೆ ಮದ್ದೇ ಬೇಡ. .22 ತೋಟಾದಲ್ಲಿ ಕೇಪು ಬೇರೆ ಇರುವುದಿಲ್ಲ, ಕಿಡಿ ಕೊಡುವ ವಸ್ತುವನ್ನು ಬುಡದ ಅಂಚಿನೊಳಗೇ ತುಂಬಿರುತ್ತಾರೆ, ಆದ್ದರಿಂದ ಅದನ್ನು ಮರುತುಂಬಲು ಬರುವುದಿಲ್ಲ. ರೀಲೋಡಿಂಗ್ ವಿಡಿಯೊ ನೋಡಿ ಆಸೆಪಡುವ ಹೊಸಬರಿಗೆ ಅದರ ಅಗತ್ಯವೇ ಬೀಳುವುದಿಲ್ಲ.

ತಿರುವನಂತಪುರದ ಪಾಠ: ಎಣಿಕೆ

ಮದ್ದನ್ನು ತೂಗುವುದು ಎಷ್ಟು ಮುಖ್ಯವೋ, ತುಂಬಿದ ತೋಟಾವನ್ನು ಎಣಿಸುವುದೂ ಅಷ್ಟೇ. ಇದು ದೊಡ್ಡ ಸುದ್ದಿಯಾದದ್ದು ತಿರುವನಂತಪುರದಲ್ಲಿ. 2020ರ ಫೆಬ್ರವರಿಯಲ್ಲಿ ಕೇರಳ ವಿಧಾನಸಭೆಯಲ್ಲಿ ಮಂಡನೆಯಾದ ಸಿಎಜಿ ವರದಿ, ನಗರದ ವಿಶೇಷ ಸಶಸ್ತ್ರ ಪೊಲೀಸ್ ಪಡೆಯ ಶಸ್ತ್ರಾಗಾರದಲ್ಲಿ 25 ಇನ್ಸಾಸ್ ರೈಫಲ್ ಮತ್ತು 12,061 ಸಜೀವ ತೋಟಾಗಳ ಕೊರತೆಯಿದೆ ಎಂದಿತು. 250 ತೋಟಾಗಳ ಜಾಗದಲ್ಲಿ ನಕಲಿಗಳನ್ನು ಇಟ್ಟು ಲೆಕ್ಕ ಸರಿದೂಗಿಸಿದ್ದೂ ವರದಿಯಲ್ಲಿತ್ತು.

ಆಮೇಲೆ ಕ್ರೈಂ ಬ್ರಾಂಚ್ ಪೊಲೀಸರು ರೈಫಲ್‌ಗಳನ್ನು ಒಂದೊಂದಾಗಿ ತೆಗೆಸಿ ಸಂಖ್ಯೆ ಹೋಲಿಸಿದರು. ರೈಫಲ್‌ಗಳ ಲೆಕ್ಕ ಸಿಕ್ಕಿತು, ಕೆಲವು ಮಣಿಪುರಕ್ಕೆ ಹೋಗಿದ್ದ ತುಕಡಿಯ ಬಳಿ ಇದ್ದವು. ರೈಫಲ್‌ಗೆ ಅಚ್ಚೊತ್ತಿದ ಸಂಖ್ಯೆಯಿರುತ್ತದೆ, ಹುಡುಕಿದರೆ ಸಿಗುತ್ತದೆ. ಒಂದೊಂದು ತೋಟಾಕ್ಕೂ ಹಾಗೆ ಬೇರೆ ಸಂಖ್ಯೆಯಿಲ್ಲ, ತಯಾರಿಕೆಯ ತಂಡ ಮತ್ತು ವರ್ಷದ ಗುರುತಷ್ಟೇ. ತರಬೇತಿಯಲ್ಲಿ ಹಾರಿಸಿದ್ದೆಷ್ಟು, ಖಾಲಿ ಕವಚ ಹಿಂತಿರುಗಿದ್ದೆಷ್ಟು, ಉಳಿದದ್ದೆಷ್ಟು ಎಂದು ಅಂದಂದೇ ಪುಸ್ತಕದಲ್ಲಿ ಬರೆಯದಿದ್ದರೆ ವರ್ಷಗಳ ನಂತರ ಯಾರೂ ಹೇಳಲಾರರು. ತನಿಖೆಯ ವೇಳೆ ತೋಟಾಗಳ ಹಿತ್ತಾಳೆ ಕರಗಿಸಿ ಮಾಡಿದ್ದೆಂದು ಶಂಕಿಸಲಾದ ಪೊಲೀಸ್ ಲಾಂಛನವೊಂದನ್ನೂ ವಶಪಡಿಸಿಕೊಳ್ಳಲಾಯಿತು.

ಕೊಚ್ಚಿಯ ಬಾಣಲೆಗೂ ಇದಕ್ಕೂ ನಂಟಿದೆ. ಯಾವ ತಂಡದ ತೋಟಾ ಯಾವ ವರ್ಷ ಬಂತು ಎಂಬುದು ಪುಸ್ತಕದಲ್ಲಿದ್ದರೆ ಹಳೆಯದು ಮೊದಲು ಖರ್ಚಾಗುತ್ತದೆ, ಕಿಲುಬು ಹಿಡಿಯುವವರೆಗೆ ಮೂಲೆಯಲ್ಲಿ ಉಳಿಯುವುದಿಲ್ಲ. ಮನೆಯ ಪೆಟ್ಟಿಗೆಗೂ ಇದೇ ಕ್ರಮ ಸಾಕು. ಕೊಂಡ ತಿಂಗಳು ಮತ್ತು ವರ್ಷವನ್ನು ಪೆಟ್ಟಿಗೆಯ ಮೇಲೆ ಬರೆಯುವುದು, ಹೊಸದನ್ನು ಹಿಂದೆ, ಹಳೆಯದನ್ನು ಮುಂದೆ ಇಡುವುದು, ಪರವಾನಗಿ ಪುಸ್ತಕದ ಲೆಕ್ಕದೊಂದಿಗೆ ವರ್ಷಕ್ಕೊಮ್ಮೆ ತಾಳೆ ನೋಡುವುದು.

ಅಜ್ಜನ ಟ್ರಂಕಿನಲ್ಲಿ ಸಿಕ್ಕರೆ?

ಕೋವಿಯಿದ್ದ ಹಿರಿಯರು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಹಳೆಯ ತೋಟಾ, ಕೇಪಿನ ಡಬ್ಬಿ, ಹೆಸರಿಲ್ಲದ ಮದ್ದಿನ ಸೀಸೆ ಸಿಗುವುದು ಅಪರೂಪವಲ್ಲ. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸುವ ರೂಢಿ ಎಲ್ಲರಿಗೂ ಗೊತ್ತು, ಟ್ರಂಕಿನ ಮೂಲೆಯ ತೋಟಾ ಮಾತ್ರ ಯಾರ ನೆನಪಿಗೂ ಬರುವುದಿಲ್ಲ. ಪರವಾನಗಿದಾರರು ಇಲ್ಲವಾದ ಮೇಲೆ ಅವನ್ನು ಇಟ್ಟುಕೊಳ್ಳುವುದು ಕಾನೂನುಬಾಹಿರ. ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಪ್ರಕಾರ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಪರವಾನಗಿ ಪಡೆದ ಮಾರಾಟಗಾರರಿಗೆ ಒಪ್ಪಿಸಬೇಕು. ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಕೇಳಲು ಬಯಸಿದರೂ ಮೊದಲ ಹೆಜ್ಜೆ ಇದೇ.

ಸೀಸೆಯ ಮದ್ದು ಕರಿಯದೋ ಹೊಗೆರಹಿತವೋ ಎಂದು ಬೆಂಕಿ ಕೊಟ್ಟು ಪರೀಕ್ಷಿಸಬೇಡಿ. ಬಾವಿಗೆ, ತೋಡಿಗೆ ಸುರಿಯುವುದು, ಒಲೆಗೆ ಹಾಕುವುದು, ಕಸದ ಗಾಡಿಗೆ ಕೊಡುವುದು ಯಾವುದೂ ಬೇಡ. ತುಕ್ಕು ಹಿಡಿದು ಬಿಗಿದುಕೊಂಡ ಮುಚ್ಚಳವನ್ನು ತಿರುಚಿ ತೆಗೆಯಲು ಹೋಗಬೇಡಿ, ತಿಕ್ಕಾಟವೇ ಸಾಕಾಗಬಹುದು. ಟ್ರಂಕನ್ನು ಇದ್ದಲ್ಲೇ ಬಿಟ್ಟು, ಮಕ್ಕಳನ್ನು ದೂರವಿಟ್ಟು ಠಾಣೆಗೆ ಫೋನ್ ಮಾಡಿ. ಬೈಕಿನ ಪೆಟ್ಟಿಗೆಯಲ್ಲಿ ಹಾಕಿಕೊಂಡು ನೀವೇ ಠಾಣೆಗೆ ಒಯ್ಯುವುದಕ್ಕಿಂತ, ಬಾಂಬ್ ಪತ್ತೆ ದಳದವರು ಬಂದು ನೋಡಬೇಕೇ ಎಂಬುದನ್ನು ಠಾಣಾಧಿಕಾರಿಯೇ ತೀರ್ಮಾನಿಸಲಿ. ಒಪ್ಪಿಸಿದ್ದಕ್ಕೆ ಎಷ್ಟು ತೋಟಾ, ಯಾವ ಬೋರ್, ಯಾವ ದಿನ ಎಂದು ಬರೆದ ರಸೀದಿ ಕೇಳಿ ಪಡೆದು, ಅದನ್ನು ಅಜ್ಜನ ಪರವಾನಗಿ ಪುಸ್ತಕದ ಜೊತೆಗೇ ಇಟ್ಟುಕೊಳ್ಳಿ.